ವಾರ್ಡಿನಲ್ಲಿ ರೋಗಿ ಬೀಳುವುದು: ಫಾರಂ ತುಂಬಿದ ಮೇಲೆ ನಿಮ್ಮಲ್ಲಿ ಏನು ಮಾಡ್ತೀರಿ?

ಕಾಳಿತೀರ, ಕಾರವಾರ

ಎಲ್ಲರಿಗೂ ನಮಸ್ಕಾರ. ಇಲ್ಲಿ ನರ್ಸ್‌ಗಳೂ ಇದ್ದಾರೆ, ರೋಗಿ ಕಡೆಯವರೂ ಇದ್ದಾರೆ. ಹಾಗಾಗಿ ಇಲ್ಲೇ ಕೇಳುತ್ತಿದ್ದೇನೆ. ನಾನು ಒಂದು ಖಾಸಗಿ ಆಸ್ಪತ್ರೆಯ ಗಂಡಸರ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ಮಂಡಳಿ) ಮಾನ್ಯತೆಗೆ ತಯಾರಿ ನಡೆದಿದೆ. ಹೊಸದಾಗಿ ಬಂದ ಫಾರಂಗಳಲ್ಲಿ ಒಂದು ಮೋರ್ಸ್ ಸ್ಕೇಲ್. ರೋಗಿ ಬೀಳುವ ಅಪಾಯ ಎಷ್ಟು ಅಂತ ಅಂಕ ಹಾಕುವುದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. 1989ರಲ್ಲಿ ಜಾನಿಸ್ ಮೋರ್ಸ್ ಮತ್ತು ಜೊತೆಗಾರರು ಪ್ರಕಟಿಸಿದ ಪಟ್ಟಿ ಇದು. ಆರೇ ಪ್ರಶ್ನೆ. ಕಳೆದ ಮೂರು ತಿಂಗಳಲ್ಲಿ ಬಿದ್ದಿದ್ದರೆ 25. ಒಂದಕ್ಕಿಂತ ಹೆಚ್ಚು ಕಾಯಿಲೆ ಇದ್ದರೆ 15. ಸಲೈನ್ ಹಾಕಿದ್ದರೆ ಅಥವಾ ಕೈಯಲ್ಲಿ ಕ್ಯಾನುಲಾ (ಔಷಧಿ ಕೊಡಲು ರಕ್ತನಾಳಕ್ಕೆ ಹಾಕಿಟ್ಟ ಸಣ್ಣ ನಳಿಗೆ) ಇದ್ದರೆ 20. ಕೋಲು, ವಾಕರ್ ಹಿಡಿದು ನಡೆದರೆ 15. ಮಂಚ, ಲಾಕರ್ ಹೀಗೆ ಸಿಕ್ಕಿದ್ದನ್ನು ಹಿಡಿದು ನಡೆದರೆ 30. ನಡಿಗೆಯಲ್ಲಿ ನಿತ್ರಾಣ ಕಂಡರೆ 10, ತೀರಾ ತೂರಾಡಿದರೆ 20. ಕೊನೆಯದು, ತನ್ನಿಂದ ಎಷ್ಟಾಗುತ್ತದೆ ಅನ್ನುವ ಅಂದಾಜು ರೋಗಿಗೇ ಇಲ್ಲದಿದ್ದರೆ 15. ಒಟ್ಟು 45 ಮುಟ್ಟಿದರೆ ಹೆಚ್ಚಿನ ಅಪಾಯ ಅಂತ ನಮ್ಮ ಲೆಕ್ಕ.

ಕಷ್ಟ ಇಲ್ಲೇ ಶುರು. ನಮ್ಮ ವಾರ್ಡಿಗೆ ಬರುವ ವಯಸ್ಸಾದವರಲ್ಲಿ ಬಿಪಿ, ಶುಗರ್ ಇಲ್ಲದವರು ಯಾರು? 15 ಬಂತು. ಎಲ್ಲರಿಗೂ ಕ್ಯಾನುಲಾ, 20. ಜ್ವರದಲ್ಲಿ ಬಂದವರು ಸುಸ್ತಾಗಿಯೇ ನಡೆಯುತ್ತಾರೆ, 10. ಅಲ್ಲಿಗೆ 45 ಆಯ್ತು. ಹೆಚ್ಚಿನ ಅಪಾಯ ಅಂತ ಗುರುತಿಸುವ ಹಳದಿ ಪಟ್ಟಿಯನ್ನು ಎಲ್ಲರ ಕೈಗೂ ಕಟ್ಟಿದ ಮೇಲೆ ಯಾರ ಕಡೆ ಮೊದಲು ನೋಡುವುದು? ರಾತ್ರಿ ಇರುವುದೇ ಇಬ್ಬರು ಸಿಸ್ಟರ್.

ಎಲ್ಲಿ ಬೀಳುತ್ತಾರೆ ಅನ್ನುವುದು ನಮಗೆಲ್ಲ ಗೊತ್ತೇ ಇದೆ. ಮಂಚಕ್ಕೂ ಟಾಯ್ಲೆಟ್ಟಿಗೂ ನಡುವೆ. ಜಾಸ್ತಿ ಬೆಳಗಿನ ಜಾವ. ನನ್ನ ಪ್ರಶ್ನೆ ಇಷ್ಟೇ: ಫಾರಂ ತುಂಬಿ ಸಹಿ ಮಾಡಿದ ಮೇಲೆ ನಿಮ್ಮಲ್ಲಿ ನಿಜವಾಗಿ ಏನು ಮಾಡುತ್ತೀರಿ? ರೋಗಿ ಕಡೆಯವರೂ ಹೇಳಿ, ನಾವು ಏನು ಹೇಳಿದರೆ ನಿಮಗೆ ಉಪಯೋಗ ಆಗುತ್ತದೆ?

ಅಘನಾಶಿನಿ, ಕುಮಟಾ

ಬೇಜಾರು ಮಾಡಿಕೊಳ್ಳಬೇಡಿ ಸಿಸ್ಟರ್, ನೇರವಾಗಿ ಹೇಳುತ್ತೇನೆ. ದುಡ್ಡು ಕಟ್ಟಿ ಸೇರಿಸಿದ ಮೇಲೆ ನೋಡಿಕೊಳ್ಳುವುದು ಆಸ್ಪತ್ರೆಯವರ ಕೆಲಸ ಅಲ್ವಾ? ನಮ್ಮ ಅಪ್ಪ ನ್ಯುಮೋನಿಯಾ ಅಂತ ಸೇರಿದವರು ಸೊಂಟದ ಮೂಳೆ ಮುರಿದುಕೊಂಡು ಹೊರಗೆ ಬಂದರು. ಮಂಚಕ್ಕೆ ಎರಡೂ ಕಡೆ ಕಂಬಿ ಇತ್ತು, ಯಾರೂ ಎತ್ತಿಯೇ ಇರಲಿಲ್ಲ. ಕಂಬಿ ಹಾಕಿ, ತೀರಾ ಕೇಳದವರಾದರೆ ರಾತ್ರಿ ಮಟ್ಟಿಗೆ ಕೈಗೊಂದು ಬ್ಯಾಂಡೇಜ್ ಕಟ್ಟಿ. ಇಷ್ಟಕ್ಕೆ ಅಂಕ, ಫಾರಂ ಎಲ್ಲ ಯಾಕೆ?

ನಿವೃತ್ತಸಿಸ್ಟರ್, ಶಿರಸಿ

ತಂಗಿ, ನಿಮ್ಮ ಅಪ್ಪನಿಗೆ ಆದದ್ದು ಆಗಬಾರದಿತ್ತು. ಆದರೆ ಕಂಬಿ ಮತ್ತು ಕಟ್ಟುವುದು, ಎರಡನ್ನೂ ನಾನು ಒಪ್ಪುವುದಿಲ್ಲ.

ಬುದ್ಧಿ ಸರಿ ಇದ್ದು, ನಿದ್ದೆಯಲ್ಲಿ ಹೊರಳಿ ಬೀಳುವ ಭಯ ಇದ್ದವರಿಗೆ ಕಂಬಿ ಸರಿ. ಸ್ಟ್ರೆಚರಿನಲ್ಲಿ ಒಯ್ಯುವಾಗಲೂ ಬೇಕೇ ಬೇಕು. ಆದರೆ ರಾತ್ರಿ ಭ್ರಮೆಯಲ್ಲಿ ಎದ್ದ ಅಜ್ಜ ಕಂಬಿ ಕಂಡು ವಾಪಸ್ ಮಲಗುವುದಿಲ್ಲ. ಹತ್ತಿ ದಾಟುತ್ತಾನೆ. ಮಂಚದ ಎತ್ತರದ ಜೊತೆಗೆ ಕಂಬಿಯ ಎತ್ತರವೂ ಸೇರಿ ಅಷ್ಟು ಮೇಲಿನಿಂದ ಬೀಳುತ್ತಾನೆ. ಕಂಬಿಯ ಸಂದಿಗೆ ಕೈಕಾಲು, ಕುತ್ತಿಗೆ ಸಿಕ್ಕಿದ್ದೂ ಉಂಟು. ಕಟ್ಟಿದರೆ ಇನ್ನೂ ಕೆಟ್ಟದ್ದು. ಎಳೆದಾಡುತ್ತಾರೆ, ಗಾಬರಿ ಜಾಸ್ತಿ ಆಗುತ್ತದೆ, ಮಲಗಿದಲ್ಲೇ ಇದ್ದು ಕಾಲಿನ ಬಲ ಹೋಗುತ್ತದೆ. ಬಿಚ್ಚಿದ ದಿನ ಬೀಳುವುದು ಗ್ಯಾರಂಟಿ.

ಈಗ ಕಾಳಿತೀರದ ಪ್ರಶ್ನೆಗೆ ಬರುತ್ತೇನೆ. ಫಾರಂನ ಒಟ್ಟು ಅಂಕ ಮರೆತುಬಿಡಿ. ಯಾವ ಪ್ರಶ್ನೆಗೆ ಅಂಕ ಬಿತ್ತು ಅಂತ ನೋಡಿ. ಮಂಚ ಹಿಡಿದು ನಡೆಯುವುದಕ್ಕೆ 30 ಬಂದಿದೆಯಾ? ಆ ಮನುಷ್ಯನಿಗೆ ವಾಕರ್ ಬೇಕು, ಅಷ್ಟೇ. ಕ್ಯಾನುಲಾಕ್ಕೆ 20 ಬಂದಿದೆಯಾ? ಇಂಜೆಕ್ಷನ್ ಮುಗಿದು ಮಾತ್ರೆಗೆ ಬದಲಾದ ಮೇಲೂ ಕ್ಯಾನುಲಾ ಯಾಕಿದೆ ಅಂತ ಡಾಕ್ಟರಿಗೆ ಕೇಳಿ. ತನ್ನ ಶಕ್ತಿಯ ಅಂದಾಜಿಲ್ಲ ಅನ್ನುವ 15 ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ನಮ್ಮ ಶಿರಸಿ, ಸಿದ್ದಾಪುರ ಕಡೆಯ ಗಂಡಸರಿಗೆ ಆ ಅಂಕ ಹುಟ್ಟಿನಿಂದಲೇ ಕೊಡಬೇಕು! ನಿನ್ನೆ ಮೊನ್ನೆಯವರೆಗೆ ಅಡಿಕೆ ಮರ ಹತ್ತಿ ಕೊನೆ ಇಳಿಸಿದವನಿಗೆ "ಟಾಯ್ಲೆಟ್ಟಿಗೆ ಹೋಗುವಾಗ ನನ್ನನ್ನು ಕರೆಯಿರಿ" ಅಂದರೆ ನಗುತ್ತಾನೆ.

ಇನ್ನೊಂದು ವಿಷಯ ಯಾವ ಫಾರಂನಲ್ಲೂ ಇಲ್ಲ. ನಮ್ಮ ಊರಿನ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಯಾರಾದರೂ ಇದ್ದೇ ಇರುತ್ತಾರೆ. ಮಂಚದ ಪಕ್ಕ ಚಾಪೆ ಹಾಸಿ ಮಲಗಿರುತ್ತಾರೆ. ಆದರೂ ಅಜ್ಜ ಒಬ್ಬನೇ ಎದ್ದು ಹೋಗಿ ಬೀಳುತ್ತಾನೆ. ಯಾಕೆ? ಮಗಳು ಇಡೀ ದಿನ ಓಡಾಡಿ ಈಗ ಮಲಗಿದ್ದಾಳೆ, ಎಬ್ಬಿಸುವುದು ಬೇಡ ಅಂತ. ಸೊಸೆಯಾದರೆ ಮುಗಿದೇ ಹೋಯ್ತು, ಉಚ್ಚೆ ಬಂತು ಅಂತ ಬಾಯಿಬಿಟ್ಟು ಹೇಳುವುದೇ ಇಲ್ಲ. ಮಗಳು ಮಲಗಿದ ಚಾಪೆಯನ್ನೇ ದಾಟುವಾಗ ಎಡವಿ ಬಿದ್ದವರಿದ್ದಾರೆ. ಅಪ್ಪ ಕರೆಯಲಿ ಅಂತ ನಾವು ಕಾಯುತ್ತೇವೆ. ಅಪ್ಪ ಕರೆಯುವುದಿಲ್ಲ. ಅದಕ್ಕೇ ನಾವೇ ಮೊದಲು ಹೋಗಿ ಕೇಳಬೇಕು.

ನಾನು ವಾರ್ಡ್ ಇನ್‌ಚಾರ್ಜ್ ಇದ್ದಾಗ ಇದೊಂದನ್ನೇ ಹಟ ಹಿಡಿದು ಮಾಡಿಸಿದ್ದು. ರಾತ್ರಿ ಮಲಗುವ ಮೊದಲು ಒಂದು ಸುತ್ತು. ನಡುರಾತ್ರಿ ಐವಿ ನೋಡಲು ಹೋದಾಗ ಎಚ್ಚರ ಇದ್ದವರಿಗೆ ಒಂದು ಮಾತು. ಬೆಳಗಿನ ಜಾವ ನಾಲ್ಕರ ಸುಮಾರಿಗೆ, ಅವರು ಏಳುವ ಮೊದಲೇ, ಇನ್ನೊಂದು ಸುತ್ತು. "ಟಾಯ್ಲೆಟ್ಟಿಗೆ ಹೋಗಬೇಕಾ?" ಅಂತ ಕೇಳುವುದಲ್ಲ, ಬೇಡ ಅಂದುಬಿಡುತ್ತಾರೆ. "ಬನ್ನಿ ಅಜ್ಜ, ಹೋಗಿ ಬರುವ" ಅನ್ನಬೇಕು. ನಡೆಯಲಾಗದವರಿಗೆ ಯೂರಿನಲ್ ಕೈಗೆ ಕೊಟ್ಟು ಪರದೆ ಎಳೆದು ಹೊರಗೆ ನಿಲ್ಲಬೇಕು.

ಶರಾವತಿಹುಡುಗ, ಹೊನ್ನಾವರ

ಅಮ್ಮಮ್ಮ ಅಡ್ಮಿಟ್ ಆದಾಗ ನಾನು ರಾತ್ರಿ ಅವಳ ಕೈಗೂ ನನ್ನ ಕೈಗೂ ಒಂದು ದುಪಟ್ಟಾ ಸಡಿಲವಾಗಿ ಸಿಕ್ಕಿಸಿಕೊಂಡು ಮಲಗುತ್ತಿದ್ದೆ. ಅವಳು ಎದ್ದರೆ ನನಗೆ ಎಚ್ಚರ. ಇದು ತಪ್ಪಾ ಸಿಸ್ಟರ್?

ನಿವೃತ್ತಸಿಸ್ಟರ್, ಶಿರಸಿ

ನಿನ್ನ ಕಾಳಜಿ ಸರಿ ತಮ್ಮಾ, ದುಪಟ್ಟಾ ಬೇಡ. ಕ್ಯಾನುಲಾ ಕಿತ್ತು ಬರುತ್ತದೆ, ಕಾಲಿಗೂ ತೊಡರುತ್ತದೆ. ಒಂದು ಸಣ್ಣ ಗಂಟೆಯೋ ಸ್ಟೀಲ್ ಲೋಟ ಚಮಚವೋ ಅವಳ ಕೈಗೆ ಎಟುಕುವಲ್ಲಿ ಇಡು. ಚಾಪೆಯನ್ನು ಅವಳು ಇಳಿಯುವ ಕಡೆ ಹಾಸಬೇಡ, ಇನ್ನೊಂದು ಪಕ್ಕಕ್ಕೆ ಹಾಸು.

ಫಿಸಿಯೋ, ಅಂಕೋಲಾ

ಸಿಸ್ಟರ್ ಹೇಳಿದ್ದು ಸರಿ, ಆದರೆ "ಬನ್ನಿ ಹೋಗಿ ಬರುವ" ಅಂತ ಎಬ್ಬಿಸಿ ನಿಲ್ಲಿಸಿದ ಕೂಡಲೇ ನಡೆಸಬೇಡಿ. ಮಲಗಿದವರು ಎದ್ದಾಗ ಬಿಪಿ ಇಳಿಯುತ್ತದೆ. ಮೂರು ನಿಮಿಷದ ಒಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ತೊಂದರೆ ಅಂತಲೇ ಹಿಡಿಯುತ್ತೇವೆ. ವಯಸ್ಸಾದವರಿಗೆ ಅಡ್ಮಿಷನ್ ದಿನ ಒಮ್ಮೆಯಾದರೂ ಮಲಗಿದಾಗ ಮತ್ತು ನಿಂತಾಗ ಎರಡೂ ಬಿಪಿ ನೋಡಿ. ಮಲಗಿದಾಗಿನದನ್ನು ಮಾತ್ರ ಚಾರ್ಟಿನಲ್ಲಿ ಬರೆದರೆ ಚಾರ್ಟ್ ಚಂದ ಕಾಣುತ್ತದೆ, ರೋಗಿ ಬೀಳುತ್ತಾನೆ.

ಏಳಿಸುವ ಕ್ರಮ ಹೀಗೆ. ಮೊದಲು ಮಗ್ಗುಲಿಗೆ ಹೊರಳಿ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಲಿ. ಪಾದ ಮೇಲೆ ಕೆಳಗೆ ಆಡಿಸಲಿ. ತಲೆ ತಿರುಗುವುದಿಲ್ಲ ಅಂದಮೇಲೆ ನಿಲ್ಲಲಿ. ನಿಂತಲ್ಲೇ ಸ್ವಲ್ಪ ಹೊತ್ತು. ಆಮೇಲೆ ಹೆಜ್ಜೆ. ಪಾರ್ಶ್ವವಾಯು ಆದವರಾದರೆ ಬಲ ಇಲ್ಲದ ಕಡೆ ನೀವು ನಿಲ್ಲಿ, ಬೀಳುವುದು ಆ ಕಡೆಗೇ. ಕೈ ಹಿಡಿದು ಎಳೆಯಬೇಡಿ, ಭುಜ ಜಾರುತ್ತದೆ. ಸೊಂಟಕ್ಕೆ ಕೈ ಕೊಡಿ.

ಎತ್ತರದ ಕಬ್ಬಿಣದ ಮಂಚಗಳ ಪಕ್ಕ ಹತ್ತಲು ಒಂದು ಮೆಟ್ಟಿಲು ಸ್ಟೂಲ್ ಇಟ್ಟಿರುತ್ತಾರೆ. ರಾತ್ರಿ ಅದನ್ನು ಮಂಚದ ಅಡಿಗೆ ತಳ್ಳಿಬಿಡಿ. ಕತ್ತಲಲ್ಲಿ ಅದರ ಅಂಚಿನ ಮೇಲೆ ಕಾಲಿಟ್ಟು ಮಗುಚಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮಂಚದ ಚಕ್ರದ ಬ್ರೇಕ್ ನೋಡಿ. ವಾಕರಿನ ಕಾಲಿಗೆ ಇರುವ ರಬ್ಬರ್ ಬುಷ್ ಸವೆದಿದ್ದರೆ ಬದಲಾಯಿಸಿ, ತೀರಾ ಸಣ್ಣ ಖರ್ಚು ಅದು. ವಾಕರ್ ಇಟ್ಟರೆ ಸಾಲದು, ಮಂಚದಿಂದ ಕೈಗೆ ಎಟುಕುವಲ್ಲಿ ಇರಬೇಕು. ಗುಡಿಸುವವರು ಮೂಲೆಗೆ ತಳ್ಳಿ ಹೋಗಿರುತ್ತಾರೆ.

ಉಡುಪಿನ ಮಾತೂ ಇದೆ. ಪಂಚೆ, ಲುಂಗಿ ಉದ್ದ ಬಿಟ್ಟುಕೊಂಡು ಹವಾಯಿ ಚಪ್ಪಲಿಯಲ್ಲಿ ನಡೆಯುವುದಕ್ಕಿಂತ, ಲುಂಗಿ ಮಡಿಸಿ ಕಟ್ಟಿ ಬರಿಗಾಲಲ್ಲಿ ನಡೆಯುವುದೇ ಎಷ್ಟೋ ವಾಸಿ. ಹಿಂದೆ ಪಟ್ಟಿ ಇರುವ ಚಪ್ಪಲಿ ತಂದರೆ ಇನ್ನೂ ಒಳ್ಳೆಯದು. ಶುಗರ್ ಇದ್ದವರು ಮಾತ್ರ ಬರಿಗಾಲು ಬೇಡ.

ಅಘನಾಶಿನಿ, ಕುಮಟಾ

ಕಟ್ಟುವ ಮಾತು ವಾಪಸ್ ತೆಗೆದುಕೊಂಡೆ. ಆದರೆ ಒಂದು ಕೇಳಲಾ? ಕರೆಯಿರಿ ಕರೆಯಿರಿ ಅನ್ನುತ್ತೀರಿ, ಕರೆದರೆ ಬರುವವರು ಯಾರು? ಬೆಲ್ ಇರುವಲ್ಲಿ ಕೆಲಸ ಮಾಡುವುದಿಲ್ಲ. ಎದ್ದು ಹೋಗಿ ಟೇಬಲ್ ಹತ್ತಿರ ನಿಂತರೆ "ನೀವು ಯಾಕೆ ಇದ್ದೀರಿ ಮತ್ತೆ, ಕರ್ಕೊಂಡು ಹೋಗಿ" ಅಂತಾರೆ. ಎಪ್ಪತ್ತು ಕೆಜಿಯ ಅಪ್ಪನನ್ನು ನಾನೊಬ್ಬಳೇ ಹೇಗೆ ಎಬ್ಬಿಸುವುದು? ಮೇಲೆ ಫಿಸಿಯೋದವರು ಬರೆದದ್ದನ್ನು ಆಗಲೇ ಯಾರಾದರೂ ಒಮ್ಮೆ ತೋರಿಸಿಕೊಟ್ಟಿದ್ದರೆ ನಾನೂ ಕಲಿಯುತ್ತಿದ್ದೆ.

ಮಳೆಗಾಲ, ಯಲ್ಲಾಪುರ

ಅಕ್ಕ ಹೇಳಿದ್ದು ನಿಜ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಿಂಗ್ ಆಫೀಸರ್. ನಮ್ಮ ಕಡೆಯದೂ ಕೇಳಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ ಬೋಧನಾ ಆಸ್ಪತ್ರೆಗೆ 3 ಹಾಸಿಗೆಗೆ ಒಬ್ಬ ನರ್ಸ್, ಉಳಿದ ಸಾಮಾನ್ಯ ಆಸ್ಪತ್ರೆಗೆ 5ಕ್ಕೆ ಒಬ್ಬರು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ಇರುವಾಗ ಆ ಲೆಕ್ಕ ಗೋಡೆ ಮೇಲಿನ ಕ್ಯಾಲೆಂಡರ್ ಇದ್ದ ಹಾಗೆ. ಬೆಳಗಿನ ಜಾವ ನಾಲ್ಕಕ್ಕೆ ಅಜ್ಜಂದಿರು ಏಳುತ್ತಾರೆ ಅನ್ನುತ್ತೀರಿ. ಅದೇ ಹೊತ್ತಿಗೆ ನಾನು ಬ್ಲಡ್ ಸ್ಯಾಂಪಲ್ ತೆಗೆಯಬೇಕು, ಶುಗರ್ ನೋಡಬೇಕು, ಇನ್‌ಪುಟ್ ಔಟ್‌ಪುಟ್ (ದೇಹಕ್ಕೆ ಹೋದ, ಹೊರಬಂದ ನೀರಿನ ಲೆಕ್ಕ) ಕೂಡಿಸಬೇಕು, ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಬರೆಯಬೇಕು. ಟಾಯ್ಲೆಟ್ ಸುತ್ತು ಬೇಡ ಅಂತ ಹೇಳುತ್ತಿಲ್ಲ. ಆಯಾ, ವಾರ್ಡ್ ಬಾಯ್‌ಗಳನ್ನು ಸೇರಿಸಿಕೊಳ್ಳದೆ ಆಗುವುದಿಲ್ಲ ಅಂತ ಹೇಳುತ್ತಿದ್ದೇನೆ. ಎಲ್ಲ ತರಬೇತಿಯೂ ನಮಗೇ ಕೊಡುತ್ತಾರೆ. ರೋಗಿಯನ್ನು ಟಾಯ್ಲೆಟ್ಟಿಗೆ ನಿಜವಾಗಿ ಕರೆದೊಯ್ಯುವ ಆಯಾಗೆ ಯಾರೂ ಏನೂ ಹೇಳಿಕೊಡುವುದಿಲ್ಲ.

ಜೂನ್ ಬಂತು ಅಂದರೆ ನಮ್ಮ ಘಟ್ಟದ ಮೇಲಿನ ಕಥೆಯೇ ಬೇರೆ. ಕಾರಿಡಾರ್ ಒಣಗುವುದೇ ಇಲ್ಲ. ನೋಡಲು ಬಂದವರೆಲ್ಲ ಕೊಡೆ ಹಿಡಿದು, ಒದ್ದೆ ಚಪ್ಪಲಿಯಲ್ಲಿ ವಾರ್ಡಿನ ನಡುವೆಯೇ ಬರುತ್ತಾರೆ. ನಾವು ಬಾಗಿಲಿನ ಹೊರಗೆ ಕೊಡೆಗೆ ಒಂದು ಡ್ರಮ್, ಕಾಲಿಗೆ ಗೋಣಿಚೀಲ ಇಟ್ಟೆವು. ಗೋಣಿಚೀಲವೇ ಜಾರುತ್ತದೆ ಅಂತ ಗೊತ್ತಾದ ಮೇಲೆ ಅದನ್ನು ತೆಗೆದು ರಬ್ಬರ್ ಮ್ಯಾಟ್ ಹಾಕಿದರು. ಫಿನೈಲ್ ಹಾಕಿ ಒರೆಸುವುದು ಬೆಳಿಗ್ಗೆ ಎಲ್ಲರೂ ಮುಖ ತೊಳೆಯಲು ಏಳುವ ಹೊತ್ತಿಗೇ ಇತ್ತು. ಈಗ ಅರ್ಧ ಅಗಲ ಒರೆಸಿ, ಅದು ಒಣಗಿದ ಮೇಲೆ ಇನ್ನರ್ಧ. ನಡೆಯಲು ಒಂದು ಬದಿ ಯಾವಾಗಲೂ ಒಣಗಿರುತ್ತದೆ. ಬಚ್ಚಲಿನ ಪಾಚಿ ಕೆರೆಯುವುದಕ್ಕೆ ವಾರ ನಿಗದಿ ಮಾಡಿದೆವು. ಕರೆಂಟ್ ಹೋಗಿ ಜನರೇಟರ್ ಬರುವವರೆಗಿನ ಕತ್ತಲಿಗೆ ಟಾಯ್ಲೆಟ್ ದಾರಿಯಲ್ಲಿ ಚಾರ್ಜ್ ಆಗುವ ಲೈಟ್ ಇದೆ.

ಮತ್ತೆ ಕವಳ, ಎಲೆ ಅಡಿಕೆ! ವಾರ್ಡಿನಲ್ಲಿ ಕವಳ ಹಾಕಬಾರದು ಅಂತ ಎಷ್ಟು ಬೋರ್ಡ್ ಹಾಕಿದರೂ ದಿಂಬಿನ ಅಡಿಯಲ್ಲಿ ಸಂಚಿ ಇದ್ದೇ ಇರುತ್ತದೆ. ರಾತ್ರಿ ಉಗುಳುವುದಕ್ಕೆ ಅಂತ ಕದ್ದು ಎದ್ದು ಹೋಗುತ್ತಾರೆ. ಇದನ್ನು ಯಾವ ದೇಶದ ಫಾರಂನಲ್ಲಿ ಬರೆಯುವುದು ಮಾರಾಯ್ರೆ.

ಔಷಧಿಪೆಟ್ಟಿಗೆ, ಭಟ್ಕಳ

ನಾನು ಫಾರ್ಮಸಿಸ್ಟ್. ಮೋರ್ಸ್ ಪಟ್ಟಿಯಲ್ಲಿ ಔಷಧಿಯ ಪ್ರಶ್ನೆಯೇ ಇಲ್ಲ, ಗಮನಿಸಿದ್ದೀರಾ? ಬೀಳಿಸುವುದರಲ್ಲಿ ದೊಡ್ಡ ಪಾಲು ಅದರದ್ದು. ನಿದ್ದೆಗೆ ಅಂತ ಕೊಡುವ ಆಲ್ಪ್ರಜೋಲಾಮ್, ಜೋಲ್ಪಿಡೆಮ್. ಅಲರ್ಜಿಗೆ, ರಕ್ತ ಹಾಕುವ ಮೊದಲು ಕೊಡುವ ಅವಿಲ್ ಇಂಜೆಕ್ಷನ್. ನೋವಿಗೆ ಟ್ರಮಡಾಲ್. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಮತ್ತು ಪ್ರಜೋಸಿನ್ ಥರದ ಬಿಪಿ ಮಾತ್ರೆ, ಇವು ನಿಂತಾಗ ಬಿಪಿ ಇಳಿಸುತ್ತವೆ. ಮನೆಯಲ್ಲಿ ನಿದ್ದೆ ಮಾತ್ರೆ ಅಭ್ಯಾಸ ಇದ್ದವರಿಗೆ ಒಮ್ಮೆಲೇ ನಿಲ್ಲಿಸುವುದೂ ಅಪಾಯವೇ. ಹಾಗಾಗಿ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ.

ಉಚ್ಚೆ ಹೆಚ್ಚು ಮಾಡುವ ಲ್ಯಾಸಿಕ್ಸ್ ಕೊಡುವ ಹೊತ್ತು ನೋಡಿ. ಮಾತ್ರೆ ನುಂಗಿದ ಮೇಲೆ ಸುಮಾರು ಆರು ಗಂಟೆ ಕೆಲಸ ಮಾಡುತ್ತದೆ. ಎರಡನೇ ಡೋಸ್ ರಾತ್ರಿ ಎಂಟಕ್ಕೆ ಕೊಟ್ಟು, ಆಮೇಲೆ ಒಂದು ನಿದ್ದೆ ಮಾತ್ರೆಯನ್ನೂ ಕೊಟ್ಟರೆ ಆ ರೋಗಿ ಮಂಪರಿನಲ್ಲಿ ಎದ್ದೆದ್ದು ಟಾಯ್ಲೆಟ್ಟಿಗೆ ಓಡುತ್ತಾನೆ. ಅದನ್ನು ಮಧ್ಯಾಹ್ನ ಎರಡು ಮೂರಕ್ಕೆ ಬದಲಾಯಿಸಬಹುದಾ ಅಂತ ರೌಂಡ್ಸಿನಲ್ಲಿ ಕೇಳಿ. ಕೇಳಿದರೆ ಹೆಚ್ಚಿನ ಡಾಕ್ಟರುಗಳು ಒಪ್ಪುತ್ತಾರೆ. ಇನ್ಸುಲಿನ್ ಹಾಕಿಸಿಕೊಂಡು ರಾತ್ರಿ ಊಟ ಸರಿಯಾಗಿ ಮಾಡದವರ ಹೆಸರು ಹ್ಯಾಂಡೋವರಿನಲ್ಲಿ ಬರಲಿ, ಶುಗರ್ ಇಳಿದು ಬೀಳಬಹುದು.

ಬೆಳ್ಳಿಗುಡ್ಡ, ಕಾರವಾರ

ಗಂಡಸರ ವಾರ್ಡ್ ಅಂದಿರಲ್ಲ, ಒಂದು ಮಾತು ಯಾರೂ ಹೇಳಲಿಲ್ಲ. ದಿನಾ ಕುಡಿಯುವವರು ಅಡ್ಮಿಟ್ ಆದರೆ ಕುಡಿತ ನಿಲ್ಲುತ್ತದೆ. ಎರಡನೇ ಮೂರನೇ ದಿನಕ್ಕೆ ಕೈ ನಡುಕ, ಬೆವರು, ಇಲ್ಲದ್ದು ಕಾಣುವುದು. ದೋಣಿ ಎಳೆಯಬೇಕು, ಬಲೆ ಬಿಚ್ಚಬೇಕು ಅಂತ ಮಂಚದಿಂದ ಇಳಿಯುತ್ತಾರೆ. ಮನೆಯವರು ಕುಡಿತದ ವಿಷಯ ಮುಚ್ಚಿಡುತ್ತಾರೆ, ಎಲ್ಲರ ಎದುರು ಕೇಳಿದರೆ ಹೇಗೆ ಹೇಳಿಯಾರು? ಅಡ್ಮಿಷನ್ ಹೊತ್ತಿಗೆ ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಿ. ಇದು ಗೊತ್ತಿದ್ದರೆ ಡಾಕ್ಟರು ಮೊದಲೇ ಔಷಧಿ ಶುರು ಮಾಡುತ್ತಾರೆ.

ನರ್ಸಿಂಗ್‌ಟ್ಯೂಟರ್, ಶಿರಸಿ

ಚರ್ಚೆ ಚೆನ್ನಾಗಿದೆ. ಆದರೆ ನಾವು ಹೇಳುತ್ತಿರುವುದಕ್ಕೆ ಪುರಾವೆ ಎಷ್ಟಿದೆ ಅಂತಲೂ ನೋಡುವ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಇದು ಆಸ್ಪತ್ರೆಯದು ಮಾತ್ರ ಅಲ್ಲ, ಎಲ್ಲ ಕಡೆಯದೂ ಸೇರಿ. ಅಂಥ ದೊಡ್ಡ ಸಮಸ್ಯೆಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಉಪಾಯ ಸಿಕ್ಕಿರುವುದು ಕಡಿಮೆ.

ಅಂಕದ ಪಟ್ಟಿಗಳ ಬಗ್ಗೆ ಕಾಳಿತೀರಕ್ಕೆ ಬಂದ ಸಂಶಯ ಬೇರೆಯವರಿಗೂ ಬಂದಿದೆ. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2013ರಲ್ಲೇ, ಯಾರು ಬೀಳುತ್ತಾರೆ ಅಂತ ಭವಿಷ್ಯ ಹೇಳುವ ಪಟ್ಟಿಗಳನ್ನು ಬಳಸಬೇಡಿ, 65 ದಾಟಿದ ಎಲ್ಲ ಒಳರೋಗಿಗಳಿಗೂ ಅಪಾಯ ಇದೆ ಅಂತಲೇ ತಿಳಿದು ಕೆಲಸ ಮಾಡಿ ಅಂದಿತು. ರೋಗಿ ಎದ್ದರೆ ಕೂಗುವ ಹಾಸಿಗೆಯ ಅಲಾರ್ಮ್ ಬಗ್ಗೆ 2012ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಅಲಾರ್ಮ್ ಬಳಕೆ ಜಾಸ್ತಿ ಆಯಿತು, ಬೀಳುವುದು ಕಡಿಮೆ ಆಗಲಿಲ್ಲ. ಆಸ್ಟ್ರೇಲಿಯಾದಲ್ಲಿ ಆರು ಆಸ್ಪತ್ರೆಗಳ 24 ವಾರ್ಡುಗಳಲ್ಲಿ ಎಚ್ಚರಿಕೆ ಬೋರ್ಡ್, ತಗ್ಗು ಮಂಚ, ಅಲಾರ್ಮ್, ಬಚ್ಚಲಿನಲ್ಲಿ ಜೊತೆಗಿರುವುದು, ಟಾಯ್ಲೆಟ್ ವೇಳಾಪಟ್ಟಿ ಎಲ್ಲ ಸೇರಿಸಿ ಪರೀಕ್ಷೆ ಮಾಡಿದರು. 2016ರಲ್ಲಿ ಫಲಿತಾಂಶ ಬಂತು. ವ್ಯತ್ಯಾಸ ಇಲ್ಲ.

ಮಳೆಗಾಲ, ಯಲ್ಲಾಪುರ

ಹಾಗಾದರೆ ಸುಮ್ನೆ ಕೂರುವುದಾ ಸರ್?

ನರ್ಸಿಂಗ್‌ಟ್ಯೂಟರ್, ಶಿರಸಿ

ಅಲ್ಲ. ಒಳ್ಳೆಯ ಸುದ್ದಿಯೂ ಇದೆ. ಬಾಸ್ಟನ್, ನ್ಯೂಯಾರ್ಕ್ ಕಡೆಯ 14 ವಾರ್ಡುಗಳಲ್ಲಿ ನರ್ಸ್, ರೋಗಿ, ಮನೆಯವರು ಮೂವರೂ ಕೂತು ಒಂದು ಹಾಳೆ ತುಂಬುವ ಪದ್ಧತಿ ಮಾಡಿದರು. ಫಾಲ್ ಟಿಪ್ಸ್ ಅಂತ ಹೆಸರು. ಈ ರೋಗಿಗೆ ಏನು ಅಪಾಯ, ಅದಕ್ಕೆ ಏನು ಮಾಡಬೇಕು ಅಂತ ಚಿತ್ರ ಸಮೇತ ಮಂಚದ ಹತ್ತಿರ ಅಂಟಿಸುವುದು. 2020ರಲ್ಲಿ ಬಂದ ವರದಿಯಲ್ಲಿ ಬೀಳುವುದು ಶೇಕಡಾ 15, ಬಿದ್ದು ಪೆಟ್ಟಾಗುವುದು ಶೇಕಡಾ 34 ಕಡಿಮೆ ಆಗಿತ್ತು. ಅದಕ್ಕೂ ಮೊದಲು ಆಸ್ಟ್ರೇಲಿಯಾದಲ್ಲೇ ರೋಗಿಗಳಿಗೆ ಕೂತು ತಿಳಿಹೇಳಿದ ಪ್ರಯೋಗದಲ್ಲಿ, ಬುದ್ಧಿ ಸರಿ ಇದ್ದವರು ಬೀಳುವುದು ಕಡಿಮೆಯಾಗಿತ್ತು. ಭ್ರಮೆ ಇದ್ದವರಲ್ಲಿ ಆ ಲಾಭ ಕಾಣಲಿಲ್ಲ. ನನಗೆ ಅನಿಸುವುದು, ಎಲ್ಲರಿಗೂ ಒಂದೇ ಔಷಧಿ ಕೊಟ್ಟ ಹಾಗೆ ಒಂದೇ ಬೋರ್ಡ್ ಹಾಕಿದರೆ ಆಗುವುದಿಲ್ಲ.

ನಿವೃತ್ತಸಿಸ್ಟರ್, ಶಿರಸಿ

ಟ್ಯೂಟರ್ ಸರ್, ನೀವು ಹೇಳಿದ ಹಾಳೆಯನ್ನು ಒಪ್ಪಿದೆ. ಆದರೆ ಟಾಯ್ಲೆಟ್ ಸುತ್ತನ್ನು ಬಿಡುವುದಿಲ್ಲ. ಅಲ್ಲಿನ ವಾರ್ಡಿನಲ್ಲಿ ಮಂಚಕ್ಕೆ ಸ್ವಂತ ಬಚ್ಚಲು ಇರುತ್ತದೋ ಏನೋ. ನಮ್ಮಲ್ಲಿ ಕಾರಿಡಾರಿನ ಕೊನೆಗೆ ನಡೆಯಬೇಕು. ಹೋದ ಮೇಲೆ ಕುಕ್ಕರುಗಾಲಿನಲ್ಲಿ ಕೂರಬೇಕು. ಎದ್ದಾಗ ಬಿಪಿ ಇಳಿದು ಅಲ್ಲೇ ಬೀಳುತ್ತಾರೆ, ಒಳಗಿನಿಂದ ಚಿಲಕ ಬೇರೆ ಹಾಕಿರುತ್ತಾರೆ. ಚಿಲಕ ಹಾಕಬೇಡಿ, ನಾನು ಹೊರಗೆ ಇದ್ದೇನೆ ಅಂತ ಪ್ರತಿ ಸಲ ಹೇಳಬೇಕು. ಒಂದು ಕಮೋಡ್ ಚೇರ್, ಗೋಡೆಗೆ ಒಂದು ಹಿಡಿಕೆ, ಇವೆರಡಕ್ಕೆ ನಿಮ್ಮ ಆಡಳಿತದವರ ಬಳಿ ಹಟ ಮಾಡಿ. ಹಳದಿ ಪಟ್ಟಿಗಿಂತ ಮೊದಲು ಅದು ಬರಲಿ.

ತೊಟ್ಟಿಲು, ಕುಮಟಾ

ಹೆರಿಗೆ ವಾರ್ಡಿನಿಂದ ಎರಡು ಸಾಲು. ಬೀಳುವುದು ಮುದುಕರು ಮಾತ್ರ ಅಂದುಕೊಳ್ಳಬೇಡಿ. ಹೆರಿಗೆಯಾದ ಮೇಲೆ ಬಾಣಂತಿ ಮೊದಲ ಸಲ ಟಾಯ್ಲೆಟ್ಟಿಗೆ ಎದ್ದಾಗ ತಲೆ ಸುತ್ತಿ ಕುಸಿಯುತ್ತಾಳೆ. ರಕ್ತ ಹೋಗಿರುತ್ತದೆ, ಹೊಟ್ಟೆಯಲ್ಲಿ ಏನೂ ಇರುವುದಿಲ್ಲ, ಬೆನ್ನಿಗೆ ಕೊಟ್ಟ ಅರಿವಳಿಕೆಯಿಂದ ಕಾಲು ಇನ್ನೂ ಜೋಮು. ಮೊದಲ ಸಲ ನರ್ಸ್ ಜೊತೆಗೇ ಹೋಗಬೇಕು, ತಾಯಿ ಅತ್ತೆ ಯಾರೇ ಇದ್ದರೂ. ಇನ್ನೊಂದು, ಸಣ್ಣ ಮಂಚದ ಮೇಲೆ ಹಾಲು ಕುಡಿಸುತ್ತಾ ನಿದ್ದೆ ಹೋದಾಗ ಮಗು ಜಾರಿ ಬೀಳುತ್ತದೆ. ಕುಡಿಸಿ ಆದ ಮೇಲೆ ತೊಟ್ಟಿಲಿಗೆ ಹಾಕಿಸುವುದು ಜೊತೆಗಿದ್ದವರ ಕೆಲಸ ಅಂತ ನಾವು ಮೊದಲೇ ಹೇಳಿಬಿಡುತ್ತೇವೆ.

ಶರಾವತಿಹುಡುಗ, ಹೊನ್ನಾವರ

ಇಷ್ಟೆಲ್ಲ ಮಾಡಿಯೂ ಬಿದ್ದರೆ? ನಾವು ಮೊದಲು ಏನು ಮಾಡಬೇಕು?

ಕಾಳಿತೀರ, ಕಾರವಾರ

ಎತ್ತಬೇಡಿ. ಇದೊಂದು ನೆನಪಿಡಿ ತಮ್ಮಾ. ನಮ್ಮ ಜನ ಬಿದ್ದವರನ್ನು ಕಂಡ ಕೂಡಲೇ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸುತ್ತಾರೆ, ನೀರು ಕುಡಿಸುತ್ತಾರೆ. ಎರಡೂ ಬೇಡ. ಬಿದ್ದಲ್ಲೇ ಮಲಗಿರಲಿ, ಒಬ್ಬರು ಹತ್ತಿರ ಕೂತು ಮಾತಾಡಿಸುತ್ತಿರಿ, ಇನ್ನೊಬ್ಬರು ಸಿಸ್ಟರನ್ನು ಕರೆಯಿರಿ. ನಾವು ಬಂದು ಪ್ರಜ್ಞೆ, ಕುತ್ತಿಗೆ, ಬೆನ್ನು, ಸೊಂಟ ನೋಡುತ್ತೇವೆ. ಒಂದು ಕಾಲು ಗಿಡ್ಡ ಆಗಿ ಪಾದ ಹೊರಗೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರುವ ಸಂಭವ ಜಾಸ್ತಿ. ಬಿಪಿ, ನಾಡಿ, ಶುಗರ್ ಆಗಲೇ ನೋಡಬೇಕು, ಯಾಕೆ ಬಿದ್ದರು ಅನ್ನುವುದು ಅಲ್ಲೇ ಸಿಗುತ್ತದೆ.

ತಲೆಗೆ ಪೆಟ್ಟು ಬಿದ್ದಿದ್ದರೆ, ಅಥವಾ ಯಾರೂ ನೋಡದಾಗ ಬಿದ್ದು ಪೆಟ್ಟಾಗಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ, ಮೊದಲ ಎರಡು ಗಂಟೆ ಅರ್ಧರ್ಧ ಗಂಟೆಗೆ ಎಬ್ಬಿಸಿ ಪ್ರಜ್ಞೆ, ಕಣ್ಣಿನ ಪಾಪೆ, ಕೈಕಾಲಿನ ಬಲ ನೋಡಬೇಕು. ಆಮೇಲೆ ಗಂಟೆಗೊಮ್ಮೆ. ವಾರ್ಫರಿನ್ ಥರ ರಕ್ತ ತೆಳು ಮಾಡುವ ಔಷಧಿ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ಸಿಟಿ ಸ್ಕ್ಯಾನ್ ಬೇಕಾಗಬಹುದು. ನಮ್ಮ ಜಿಲ್ಲೆಯಲ್ಲಿ ತಲೆಯ ಆಪರೇಷನ್ ಅಂದರೆ ಗೋವಾಕ್ಕೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಬೇರೆ ಊರಿನ ಆಸ್ಪತ್ರೆಯವರು ಕಳೆಯಬಹುದಾದ ಒಂದು ಗಂಟೆಯನ್ನು ನಾವು ಕಳೆಯುವ ಹಾಗಿಲ್ಲ.

ಮಳೆಗಾಲ, ಯಲ್ಲಾಪುರ

ಬಿದ್ದದ್ದನ್ನು ಬರೆಯುವ ಬಗ್ಗೆಯೂ ಹೇಳಿ. ನಾನು ಹಿಂದೆ ಇದ್ದ ಒಂದು ಕಡೆ ಇನ್ಸಿಡೆಂಟ್ ರಿಪೋರ್ಟ್ ಬರೆದ ಸಿಸ್ಟರಿಗೇ ಮೆಮೋ ಬರುತ್ತಿತ್ತು. ಆಮೇಲೆ ಯಾರೂ ಬರೆಯಲಿಲ್ಲ. ಪುಸ್ತಕದ ಪ್ರಕಾರ ಆ ವಾರ್ಡಿನಲ್ಲಿ ಯಾರೂ ಬೀಳುತ್ತಲೇ ಇರಲಿಲ್ಲ!

ನಿವೃತ್ತಸಿಸ್ಟರ್, ಶಿರಸಿ

ಅದು ದೊಡ್ಡ ರೋಗ. ಬಿದ್ದ ದಿನವೇ, ಆ ಪಾಳಿಯಲ್ಲಿ ಇದ್ದವರೆಲ್ಲ, ಆಯಾ ಸಮೇತ, ಬಿದ್ದ ಜಾಗದಲ್ಲೇ ನಿಂತು ಐದು ನಿಮಿಷ ಮಾತಾಡಬೇಕು. ಏನು ಮಾಡಲು ಎದ್ದಿದ್ದರು? ಬೆಳಕಿತ್ತಾ? ಕಾಲಿಗೆ ಏನಿತ್ತು? ಕನ್ನಡಕ ಎಲ್ಲಿತ್ತು? ಯಾವ ಮಾತ್ರೆ ಯಾವಾಗ ಕೊಟ್ಟಿದ್ದರು? ಯಾರು ಡ್ಯೂಟಿಯಲ್ಲಿದ್ದರು ಅನ್ನುವುದು ಕೊನೆಯ ಪ್ರಶ್ನೆ ಆಗಿರಲಿ. ಬೀಳುವ ಹಾಗಾಗಿ ತಪ್ಪಿಸಿಕೊಂಡದ್ದನ್ನೂ ಬರೆಯಲಿ. ಒಂದು ತಿಂಗಳ ಪುಸ್ತಕ ನೋಡಿದರೆ ಯಾವ ಬಾಗಿಲು, ಯಾವ ಹೊತ್ತು ಅಂತ ತಾನೇ ಕಾಣುತ್ತದೆ.

ಕಾಳಿತೀರ, ಕಾರವಾರ

ಎಲ್ಲರಿಗೂ ಧನ್ಯವಾದ. ನಮ್ಮ ಇನ್‌ಚಾರ್ಜ್ ಮೇಡಂಗೆ ಈ ಚರ್ಚೆ ಪೂರ್ತಿ ತೋರಿಸಿದೆ. ಮೋರ್ಸ್ ಫಾರಂ ಬಿಡಲು ಆಗುವುದಿಲ್ಲ, ಮಾನ್ಯತೆಗೆ ಬೇಕು. ಆದರೆ ಒಟ್ಟು ಅಂಕದ ಕೆಳಗೆ ಒಂದು ಖಾಲಿ ಸಾಲು ಸೇರಿಸುತ್ತೇವೆ, "ಹಾಗಾಗಿ ಏನು ಮಾಡಿದೆವು" ಅಂತ. ಅದು ಖಾಲಿ ಇದ್ದರೆ ಸಹಿ ಇಲ್ಲ. ಬೆಳಗಿನ ಸ್ಯಾಂಪಲ್ ಹೊತ್ತನ್ನು ಅರ್ಧ ಗಂಟೆ ಮುಂದೆ ಹಾಕಲು ಲ್ಯಾಬಿನವರು ಒಪ್ಪಿದ್ದಾರೆ. ಆ ಹೊತ್ತಿಗೆ ಒಬ್ಬ ಸಿಸ್ಟರ್, ಒಬ್ಬ ಆಯಾ ಟಾಯ್ಲೆಟ್ ಸುತ್ತು. ಮೊದಲು ಯಾರ ಹತ್ತಿರ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಭ್ರಮೆ ಇದ್ದವರು, ಲ್ಯಾಸಿಕ್ಸ್ ಅಥವಾ ನಿದ್ದೆ ಮಾತ್ರೆ ತೆಗೆದುಕೊಂಡವರು, ಮತ್ತೆ "ನಾನೇ ಹೋಗ್ತೇನೆ" ಅನ್ನುವವರು.

ಅಘನಾಶಿನಿ ಅಕ್ಕ, ನಿಮ್ಮ ಮಾತಿನಿಂದ ಒಂದು ಹೊಸದು ಬಂತು. ಅಡ್ಮಿಷನ್ ಆದ ಸಂಜೆ ಜೊತೆಗಿರುವವರ ಕೈಯಲ್ಲಿ ರೋಗಿಯನ್ನು ಒಮ್ಮೆ ನಮ್ಮೆದುರು ಏಳಿಸಿ ಕೂರಿಸುವುದು. ಆಗುವುದಿಲ್ಲ ಅನಿಸಿದರೆ, ಇವರನ್ನು ಇಬ್ಬರು ಸಿಬ್ಬಂದಿಯೇ ಕರೆದೊಯ್ಯಬೇಕು ಅಂತ ಚೀಟಿಯಲ್ಲಿ ಬರೆಯುತ್ತೇವೆ. ಆಮೇಲೆ ಟೇಬಲ್ ಹತ್ತಿರ ಬಂದವರಿಗೆ ಯಾರೂ "ನೀವು ಯಾಕೆ ಇದ್ದೀರಿ" ಅನ್ನುವ ಹಾಗಿಲ್ಲ.

ಮಂಚಕ್ಕೆ ಅಂಟಿಸುವ ಹಾಳೆಯಲ್ಲಿ ಚಿತ್ರ ಜಾಸ್ತಿ, ಅಕ್ಷರ ಕಡಿಮೆ. ಓದಲು ಬಾರದವರಿಗೆ ಒಂದು ಧ್ವನಿ ಮುದ್ರಿಕೆ ಮಾಡಿ ಮೊಬೈಲಿನಲ್ಲಿ ಕೇಳಿಸುವ ಯೋಚನೆ ಇದೆ. ಕನ್ನಡದ್ದು ನಾನೇ ಹೇಳುತ್ತೇನೆ. ಕೊಂಕಣಿ ಮತ್ತು ಭಟ್ಕಳದ ನವಾಯತಿಗೆ ಯಾರಾದರೂ ಸಿಗುತ್ತೀರಾ?

ಬೆಳ್ಳಿಗುಡ್ಡ, ಕಾರವಾರ

ಕೊಂಕಣಿ ನನ್ನದು. ನಮ್ಮ ಮನೆಯ ಅಜ್ಜಿಯ ಹತ್ತಿರ ಹೇಳಿಸುತ್ತೇನೆ. ಹುಡುಗಿಯರು ಹೇಳಿದರೆ ಈ ಗಂಡಸರು ಕೇಳುವುದಿಲ್ಲ, ಅಜ್ಜಿ ಬೈದರೆ ಕೇಳಿಯಾರು.

ಔಷಧಿಪೆಟ್ಟಿಗೆ, ಭಟ್ಕಳ

ನವಾಯತಿ ನನಗೆ ಬಿಡಿ. ಏನು ಹೇಳಬೇಕು ಅಂತ ಕನ್ನಡದಲ್ಲಿ ಬರೆದು ಕಳಿಸಿ, ಒಂದು ನಿಮಿಷ ದಾಟಬಾರದು.

ಫಿಸಿಯೋ, ಅಂಕೋಲಾ

ಚಿತ್ರ ಬರೆಸುವಾಗ ರೋಗಿಗೆ ಪ್ಯಾಂಟು, ಬೂಟು ಹಾಕಿಸಬೇಡಿ. ಮಡಿಸಿ ಕಟ್ಟಿದ ಲುಂಗಿ, ಕೈಯಲ್ಲಿ ವಾಕರ್. ವಾಕರಿನ ಹಿಡಿಕೆ ಮಣಿಕಟ್ಟಿನ ಎತ್ತರಕ್ಕೆ ಬರಲಿ. ಹೆಚ್ಚಿನ ಚಿತ್ರಗಳಲ್ಲಿ ಅದು ತಪ್ಪಾಗಿರುತ್ತದೆ. ಅಂಟಿಸುವ ಮೊದಲು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.